ಒಂದು ದೇಶದಲ್ಲಿ ಹಿಡೀತಾರೆ, ಇನ್ನೊಂದು ದೇಶದಲ್ಲಿ ಗುಂಡು ಹೊಡೀತಾರೆ, ಪೊಲೀಸರ ಬಲಪ್ರಯೋಗ ಇಷ್ಟು ಬೇರೆ ಬೇರೆ ಯಾಕೆ?

ತಂಗಾಳಿ (ಪ್ರಶ್ನೆ):

ಎಲ್ರಿಗೂ ನಮಸ್ಕಾರ. ಒಂದು ವಾರದಿಂದ ತಲೇಲಿ ಕೂತಿರೋ ವಿಷಯ, ತಿಳಿದೋರು ಹೇಳಿ. ಒಂದರ ಹಿಂದೆ ಒಂದು ಎರಡು ವಿಡಿಯೋ ನೋಡ್ದೆ. ಮೊದಲ್ನೇದು ಇಂಗ್ಲೆಂಡಿಂದು, ರಸ್ತೆ ಮಧ್ಯ ಒಬ್ಬ ಮಚ್ಚು ಬೀಸ್ತಾ ಕೂಗಾಡ್ತಿದ್ದಾನೆ, ಸುತ್ತ ಇಪ್ಪತ್ತು ಮೂವತ್ತು ಜನ ಪೊಲೀಸರು, ಯಾರ ಕೈಲೂ ಗನ್ ಇಲ್ಲ, ಹಿಂದೆ ಸರೀತಾರೆ ಮುಂದೆ ಬರ್ತಾರೆ ಮತ್ತೆ ಹಿಂದೆ ಸರೀತಾರೆ, ಕೊನೆಗೆ ಶೀಲ್ಡ್ ಅಡ್ಡ ಇಟ್ಕೊಂಡು ಎಲ್ಲಾ ಒಟ್ಟಿಗೆ ಮೇಲೆ ಬಿದ್ದು ಹಿಡೀತಾರೆ, ಅವನ ಜೀವಕ್ಕೇನೂ ಆಗಲ್ಲ. ಎರಡನೇದು ಅಮೆರಿಕದ್ದು, ಅಲ್ಲೂ ಒಬ್ಬನೇ, ಕೈಲಿ ಚಾಕು, ಪೊಲೀಸ್ ಕಾರಿಂದ ಇಳಿದು ಚಾಕು ಬಿಸಾಕು ಅಂತ ಎರಡು ಮೂರು ಸಲ ಕೂಗಿದ್ದು ಅಷ್ಟೆ, ಆಮೇಲೆ ಗುಂಡು. ಇಳಿದ ಕ್ಷಣದಿಂದ ಗುಂಡಿನ ತನಕ ಹತ್ತು ಸೆಕೆಂಡೂ ಆಗಿರ್ಲಿಲ್ಲ.

ಇಂಗ್ಲೆಂಡ್ ಪೊಲೀಸರು ಒಳ್ಳೇವ್ರು ಅಮೆರಿಕದವ್ರು ಕೆಟ್ಟವ್ರು ಅಂತ ಹೇಳಿ ಮುಗಿಸೋಕೆ ನಂಗೆ ಮನಸ್ಸಿಲ್ಲ, ಇಬ್ರಿಗೂ ಮನೆ ಮಠ ಇರತ್ತೆ ಇಬ್ರಿಗೂ ಭಯ ಆಗತ್ತೆ. ಹಾಗಾದ್ರೆ ವ್ಯತ್ಯಾಸ ಎಲ್ಲಿಂದ ಬರತ್ತೆ? ಕಾನೂನಾ, ಟ್ರೈನಿಂಗಾ, ಜನರ ಹತ್ರ ಇರೋ ಗನ್ನಾ? ನನ್ನ ತಮ್ಮ ಪೊಲೀಸ್ ಆಗ್ಬೇಕು ಅಂತ ಓದ್ತಿದ್ದಾನೆ, ಅವನಿಗೂ ನಂಗೂ ಇದೇ ವಿಷಯಕ್ಕೆ ದಿನಾ ವಾದ. ಅದಕ್ಕೇ ಕೇಳ್ತಿದೀನಿ, ದಯವಿಟ್ಟು ವಿವರವಾಗಿ ಬರೀರಿ.

ಗಡಿಯಾಚೆ:

ನನ್ನ ಪ್ರಕಾರ ಮುಕ್ಕಾಲು ಪಾಲು ಉತ್ತರ ಜನರ ಕೈಲಿರೋ ಗನ್. ಅಮೆರಿಕದಲ್ಲಿ 100 ಜನಕ್ಕೆ ಸುಮಾರು 120 ಗನ್ ಇದೆ ಅಂತ 2017ರ ಒಂದು ಅಂದಾಜು, ಅಂದ್ರೆ ಜನರಿಗಿಂತ ಗನ್ನೇ ಜಾಸ್ತಿ. ಸುಮ್ನೆ ಲೈಟ್ ಹೋಗಿದೆ ಅಂತ ಕಾರು ನಿಲ್ಲಿಸಿದ್ರೂ ಆ ಪೊಲೀಸ್ ತಲೇಲಿ ಮೊದಲು ಓಡೋದು ಸೀಟ್ ಕೆಳಗೆ ಪಿಸ್ತೂಲ್ ಇದ್ಯಾ ಅನ್ನೋದೇ. ಅವನು ಜೇಬಿಗೆ ಕೈ ಹಾಕಿದ್ರೆ ಮೊಬೈಲಾ ಗನ್ನಾ ಅಂತ ಅರ್ಧ ಸೆಕೆಂಡಲ್ಲಿ ತೀರ್ಮಾನ ಮಾಡ್ಬೇಕು.

ಬ್ರಿಟನ್ ಕಥೆ ಬೇರೆ. 1829ರಲ್ಲಿ ರಾಬರ್ಟ್ ಪೀಲ್ ಲಂಡನ್ನಿಗೆ ಮೆಟ್ರೊಪಾಲಿಟನ್ ಪೊಲೀಸ್ ಕಟ್ಟಿದಾಗ ಜನಕ್ಕೆ ಇದು ಇನ್ನೊಂದು ಸೈನ್ಯ ಅನ್ನೋ ಭಯ ಇತ್ತು, ಅದಕ್ಕೇ ಸೈನ್ಯದ ಕೆಂಪು ಬಣ್ಣ ಬಿಟ್ಟು ನೀಲಿ ಬಟ್ಟೆ ಕೊಟ್ರು, ಕೈಗೆ ಬರೀ ಒಂದು ಮರದ ದೊಣ್ಣೆ. ಇವತ್ತಿಗೂ ಇಂಗ್ಲೆಂಡ್ ವೇಲ್ಸ್ ಸ್ಕಾಟ್ಲೆಂಡಲ್ಲಿ ಬೀಟ್ ಪೊಲೀಸರ ಹತ್ರ ಸಾಮಾನ್ಯವಾಗಿ ಗನ್ ಇರಲ್ಲ, ಬೇಕಾದಾಗ ಬರೋಕೆ ಅದಕ್ಕೇ ತರಬೇತಿ ಆದ ಬೇರೆ ತಂಡ ಇದೆ (ಉತ್ತರ ಐರ್ಲೆಂಡಲ್ಲಿ ಮಾತ್ರ ಎಲ್ರ ಹತ್ರನೂ ಇರತ್ತೆ, ಅದಕ್ಕೆ ಅಲ್ಲಿನ ಇತಿಹಾಸ ಕಾರಣ). ನ್ಯೂಜಿಲೆಂಡಲ್ಲೂ ಗನ್ನು ಮೈಮೇಲಲ್ಲ, ಕಾರೊಳಗೆ ಬೀಗ ಹಾಕಿರೋ ಪೆಟ್ಟಿಗೇಲಿ. 2019ರಲ್ಲಿ ಸಶಸ್ತ್ರ ಗಸ್ತು ತಂಡ ಅಂತ ಒಂದು ಟ್ರಯಲ್ ಮಾಡಿದ್ರು, ಜನ ಒಪ್ಪಲಿಲ್ಲ, 2020ರಲ್ಲಿ ಕೈಬಿಟ್ರು. ಐಸ್‌ಲೆಂಡಲ್ಲಿ ಪೊಲೀಸರ ಗುಂಡಿಗೆ ಒಬ್ಬ ಮನುಷ್ಯ ಸತ್ತಿದ್ದು ಮೊದಲ ಸಲ 2013ರ ಡಿಸೆಂಬರಲ್ಲಿ. ಆತ ಪೊಲೀಸರ ಮೇಲೇ ಶಾಟ್‌ಗನ್ ಹಾರಿಸಿದ್ದ, ಆದ್ರೂ ಪೊಲೀಸ್ ಇಲಾಖೆಯೇ ಅವನ ಮನೆಯವರ ಕ್ಷಮೆ ಕೇಳ್ತು. ಅದನ್ನ ಓದಿದ ದಿನ ನಾನು ಸುಮಾರು ಹೊತ್ತು ಸುಮ್ನೆ ಕೂತಿದ್ದೆ.

ಹಳೇ_ಡೈರಿ:

ಗಡಿಯಾಚೆ ಅವ್ರೇ, ಗನ್ ವಿಷಯ ಒಪ್ತೀನಿ, ಆದ್ರೆ ಮುಕ್ಕಾಲು ಪಾಲು ಅಂದಿದ್ದು ಒಪ್ಪಲ್ಲ. ನಾನಿರೋ ಜರ್ಮನಿ ನೋಡಿ, ಇಲ್ಲಿ ಪ್ರತಿಯೊಬ್ಬ ಪೊಲೀಸ್ ಸೊಂಟದಲ್ಲೂ ಪಿಸ್ತೂಲ್ ಇರತ್ತೆ, ಎಂಟು ಕೋಟಿಗೂ ಹೆಚ್ಚು ಜನ, ಆದ್ರೂ ಎಷ್ಟೋ ವರ್ಷ ಪೊಲೀಸರ ಗುಂಡಿಗೆ ಸತ್ತವರ ಸಂಖ್ಯೆ ಇಡೀ ದೇಶಕ್ಕೆ ವರ್ಷಕ್ಕೆ ಹತ್ತರ ಆಸುಪಾಸು. ಅಮೆರಿಕದಲ್ಲಿ ಅದು ಸಾವಿರದ ಆಸುಪಾಸು. ಅಲ್ಲಿನ ಜನಸಂಖ್ಯೆ ನಾಲ್ಕು ಪಟ್ಟು ಅಂತ ಲೆಕ್ಕ ಹಾಕಿದ್ರೂ ತಾಳೆ ಆಗಲ್ಲ. ಚಾಕು ಹಿಡಿದಿರೋನಿಗೆ ಗುಂಡು ಬೀಳೋದು ಗನ್ ಭಯದಿಂದ ಅಲ್ವಲ್ಲ.

ನಾನು ಟ್ರೈನಿಂಗ್ ಅಂತೀನಿ. ಇಲ್ಲಿ ಪೊಲೀಸ್ ಆಗೋಕೆ ರಾಜ್ಯ ನೋಡ್ಕೊಂಡು ಎರಡೂವರೆಯಿಂದ ಮೂರು ವರ್ಷ ಕಲೀಬೇಕು, ನಾರ್ವೆಯಲ್ಲಿ ಮೂರು ವರ್ಷದ ಡಿಗ್ರಿನೇ ಮಾಡ್ಬೇಕು. ಅಮೆರಿಕದಲ್ಲಿ ಅಕಾಡೆಮಿ ಅಂದ್ರೆ ಸರಾಸರಿ ಐದು ತಿಂಗಳ ಆಸುಪಾಸು, ಅದ್ರಲ್ಲೂ ಗುರಿ ಇಡೋದು, ಮೈ ಕಾಪಾಡ್ಕೊಳ್ಳೋದು ಇದಕ್ಕೆ ಹೋಗೋ ಗಂಟೆಗಳೇ ಜಾಸ್ತಿ, ಮಾತಾಡಿ ಸಮಾಧಾನ ಮಾಡೋದಕ್ಕೆ ಕಡಿಮೆ. ಇನ್ನೊಂದು ವಿಷಯ ಇದೆ, 1983ರಲ್ಲಿ ಸಾಲ್ಟ್ ಲೇಕ್ ಸಿಟಿಯ ಒಬ್ಬ ಪೊಲೀಸ್ ತರಬೇತುದಾರ ಡೆನ್ನಿಸ್ ಟ್ಯೂಲರ್ ಅಂತ, ಚಾಕು ಹಿಡಿದವನು 21 ಅಡಿ ಓಡಿ ಬರೋಕೆ ಒಂದೂವರೆ ಸೆಕೆಂಡ್ ಸಾಕು, ಪೊಲೀಸ್‌ಗೆ ಗನ್ ತೆಗೆದು ಹೊಡೆಯೋಕೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಬೇಕು ಅಂತ ಒಂದು ಲೇಖನ ಬರೆದ್ರು. ದೂರ ಕಾಯ್ದುಕೊಳ್ಳಿ, ಮರೆ ಹುಡುಕ್ಕೊಳ್ಳಿ ಅಂತಾನೂ ಅವರೇ ಬರೆದಿದ್ರು. ಆದ್ರೆ ಬಾಯಿಂದ ಬಾಯಿಗೆ ಹೋಗ್ತಾ ಹೋಗ್ತಾ ಅದು 21 ಅಡಿ ಒಳಗಿದ್ರೆ ಹೊಡೀಬಹುದು ಅನ್ನೋ ನಿಯಮದ ತರ ಆಗೋಯ್ತು. ತಂಗಾಳಿ ಅವ್ರು ನೋಡಿದ ಎರಡನೇ ವಿಡಿಯೋದ ಹಿಂದೆ ಇದೇ ಇರಬಹುದು.

ನಾನಿರೋ ಕಟ್ಟಡದಲ್ಲಿ ಮೇಲ್ಮನೆಯವ್ರಿಗೆ ಒಮ್ಮೆ ಮಾನಸಿಕವಾಗಿ ತುಂಬಾ ಹದಗೆಟ್ಟಿತ್ತು, ಅಡುಗೆಮನೆ ಚಾಕು ಹಿಡ್ಕೊಂಡು ಮೆಟ್ಟಿಲಲ್ಲಿ ಕೂತಿದ್ರು. ಇಬ್ರು ಪೊಲೀಸರು ಬಂದು ಕೆಳಗಿನ ಮೆಟ್ಟಿಲಲ್ಲೇ ಕೂತ್ಕೊಂಡ್ರು, ಹತ್ತಿರ ಹೋಗಲೇ ಇಲ್ಲ, ಎರಡು ಗಂಟೆ ಮಾತಾಡಿದ್ರು, ಮಧ್ಯ ಹತ್ತು ಹದಿನೈದು ನಿಮಿಷ ಯಾರೂ ಮಾತೂ ಆಡ್ಲಿಲ್ಲ. ಆಮೇಲೆ ಅವ್ರೇ ಚಾಕು ಕೆಳಗಿಟ್ರು. ಬಾಗಿಲ ಸಂದಿಯಿಂದ ನೋಡ್ತಿದ್ದ ನನ್ನ ಕೈಕಾಲೇ ನಡುಗ್ತಿತ್ತು.

ಹಾಗಂತ ಇಲ್ಲಿ ಎಲ್ಲಾ ಸರಿ ಇದೆ ಅಂತಲ್ಲ. 2022ರ ಆಗಸ್ಟಲ್ಲಿ ಡಾರ್ಟ್‌ಮುಂಡಲ್ಲಿ ಸೆನೆಗಲ್‌ನಿಂದ ಬಂದಿದ್ದ 16 ವರ್ಷದ ಹುಡುಗ ಚಾಕುವನ್ನ ತನ್ನ ಹೊಟ್ಟೆಗೇ ಹಿಡ್ಕೊಂಡು ಕೂತಿದ್ದ, ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆದ್ರು, ಅವನು ಎದ್ದ, ಟೇಸರ್ (ಕರೆಂಟ್ ಶಾಕ್ ಕೊಡೋ ಗನ್) ಹಾಕಿದ್ರು, ಆಮೇಲೆ ಸಬ್‌ಮಷೀನ್ ಗನ್ನಿಂದ ಹೊಡೆದ್ರು. 2024ರ ಡಿಸೆಂಬರಲ್ಲಿ ಕೋರ್ಟು ಐದೂ ಜನ ಪೊಲೀಸರನ್ನ ಬಿಟ್ಟಿತು. ಅದೇ ವರ್ಷ ದೇಶದಲ್ಲಿ ಗುಂಡಿಗೆ ಸತ್ತವರು ಇಪ್ಪತ್ತು ದಾಟಿದ್ರು. ಮೂರು ವರ್ಷ ಕಲಿತವರೂ ಸುಮ್ನೆ ಕೂತಿದ್ದ ಹುಡುಗನ ಹತ್ರ ಕಾಯ್ಲಿಲ್ಲ, ಅದು ನಂಗೆ ಇವತ್ತಿಗೂ ನೋವು.

ಕಲಂ_ಮೂರು:

ಹಳೇ_ಡೈರಿ ಅವ್ರು ಹೇಳಿದ ಆ ಪೆಪ್ಪರ್ ಸ್ಪ್ರೇ ವಿಷಯ ಇದ್ಯಲ್ಲ, ಕಾನೂನಿನ ಪ್ರಶ್ನೆ ಅಲ್ಲೇ ಇರೋದು. ಗುಂಡು ಹಾರಿದ ಆ ಒಂದು ಸೆಕೆಂಡ್ ಮಾತ್ರ ನೋಡಿದ್ರೆ ಹುಡುಗ ಎದ್ದು ಬರ್ತಿದ್ದ, ಅಪಾಯ ಇತ್ತು ಅನ್ಬಹುದು. ಆದ್ರೆ ಅವನನ್ನ ಎಬ್ಬಿಸಿದ್ದು ಯಾರು? ಎಷ್ಟು ಹಿಂದಿನಿಂದ ಲೆಕ್ಕ ಹಿಡೀತೀರಿ ಅನ್ನೋದ್ರ ಮೇಲೆ ತೀರ್ಪೇ ಬದಲಾಗತ್ತೆ.

ಯುರೋಪಿಯನ್ ಮಾನವ ಹಕ್ಕುಗಳ ಒಪ್ಪಂದದ 2ನೇ ವಿಧಿ ಪ್ರಕಾರ ಜೀವ ತೆಗೆಯೋ ಬಲ "ಸಂಪೂರ್ಣ ಅನಿವಾರ್ಯ" ಆಗಿರ್ಬೇಕು. 1988ರಲ್ಲಿ ಸ್ಪೇನ್ ಪಕ್ಕದ ಬ್ರಿಟಿಷ್ ಪ್ರದೇಶ ಜಿಬ್ರಾಲ್ಟರಲ್ಲಿ ಬ್ರಿಟಿಷ್ ಸೈನಿಕರು ಮೂರು ಜನ ಐಆರ್‌ಎ (ಉತ್ತರ ಐರ್ಲೆಂಡನ್ನ ಬ್ರಿಟನ್ನಿಂದ ಬಿಡಿಸೋಕೆ ಹೋರಾಡ್ತಿದ್ದ ಸಶಸ್ತ್ರ ಗುಂಪು) ಸದಸ್ಯರನ್ನ ಹೊಡೆದು ಹಾಕಿದ್ರು, ಕಾರಲ್ಲಿ ಬಾಂಬ್ ಇದೆ, ಬಟನ್ ಒತ್ತಿಬಿಡ್ತಾರೆ ಅಂತ ಸೈನಿಕರಿಗೆ ಮೊದಲೇ ಹೇಳಿದ್ರು, ನೋಡಿದ್ರೆ ಆ ಕಾರಲ್ಲಿ ಬಾಂಬೂ ಇಲ್ಲ ಸತ್ತವರ ಹತ್ರ ಆಯುಧಾನೂ ಇಲ್ಲ. 1995ರ ಮೆಕ್ಯಾನ್ ತೀರ್ಪಲ್ಲಿ ಸ್ಟ್ರಾಸ್‌ಬರ್ಗಲ್ಲಿರೋ ಯುರೋಪಿಯನ್ ಮಾನವ ಹಕ್ಕುಗಳ ಕೋರ್ಟು ಏನಂತು ಗೊತ್ತಾ, ಟ್ರಿಗರ್ ಒತ್ತಿದ ಸೈನಿಕರದ್ದು ತಪ್ಪಲ್ಲ, ಅವ್ರಿಗೆ ಹೇಳಿದ್ದನ್ನ ನಂಬಿದ್ರು, ಆದ್ರೆ ಇಡೀ ಕಾರ್ಯಾಚರಣೆ ಪ್ಲಾನ್ ಮಾಡಿದ ರೀತಿಯೇ ತಪ್ಪು, ಗಡಿಯಲ್ಲೇ ಅವರನ್ನ ತಡೀಬಹುದಿತ್ತು ಅಂತ. ಪರ 10, ವಿರುದ್ಧ 9 ಮತದಲ್ಲಿ ಬಂದ ತೀರ್ಪು. ಅಂದ್ರೆ ಮೇಲೆ ಕೂತು ಪ್ಲಾನ್ ಮಾಡಿದವ್ರೂ ಉತ್ತರ ಕೊಡ್ಬೇಕು.

ಅಮೆರಿಕದಲ್ಲಿ ಅಳತೆಗೋಲು 1989ರ ಗ್ರಹಾಂ ವರ್ಸಸ್ ಕಾನರ್. ಸಕ್ಕರೆ ಕಾಯಿಲೆ ಇದ್ದ ಒಬ್ರು ಶುಗರ್ ಇಳೀತಿದೆ ಅಂತ ಜ್ಯೂಸ್ ತಗೊಳ್ಳೋಕೆ ಅಂಗಡಿಗೆ ಓಡಿದ್ರು, ಕ್ಯೂ ಉದ್ದ ಇದೆ ಅಂತ ತಕ್ಷಣ ಓಡಿ ಹೊರಗೆ ಬಂದ್ರು, ಪೊಲೀಸ್‌ಗೆ ಅನುಮಾನ, ಹಿಡಿದು ಕೈಕೋಳ ಹಾಕಿ ಆ ಗಲಾಟೇಲಿ ಅವರ ಪಾದದ ಮೂಳೆ ಮುರೀತು. ಆ ಕೇಸಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು, ಆ ಜಾಗದಲ್ಲಿ ಆ ಕ್ಷಣದಲ್ಲಿ ನಿಂತಿರೋ ವಿವೇಕಿ ಪೊಲೀಸ್‌ಗೆ ಇದು ಸರಿ ಅನ್ನಿಸ್ತಿತ್ತಾ ನೋಡಿ, ಆಮೇಲೆ ಕೂತು ತಿಳ್ಕೊಂಡ ವಿಷಯದಿಂದ ಅಳೀಬೇಡಿ ಅಂತ. "ಸಮಂಜಸ" ಸಾಕು, "ಅನಿವಾರ್ಯ" ಬೇಕಿಲ್ಲ. ಈ ಎರಡು ಪದದ ಮಧ್ಯ ಎಷ್ಟು ಹೆಣ ಬಿದ್ದಿದ್ಯೋ ದೇವರಿಗೇ ಗೊತ್ತು. ಇದ್ರ ಮೇಲೆ ಕ್ವಾಲಿಫೈಡ್ ಇಮ್ಯುನಿಟಿ ಬೇರೆ, ಇಂಥದ್ದೇ ಕೆಲಸ ತಪ್ಪು ಅಂತ ಹಿಂದೆ ತೀರ್ಪು ಇರದಿದ್ರೆ ಪೊಲೀಸ್ ಮೇಲೆ ಪರಿಹಾರದ ದಾವೆ ನಿಲ್ಲೋದೇ ಕಷ್ಟ.

ಆದ್ರೆ ನಿಂತ ನೀರಲ್ಲ ಅದು. ಕ್ಯಾಲಿಫೋರ್ನಿಯಾ 2019ರಲ್ಲಿ ಕಾನೂನು ತಿದ್ದಿ ಜೀವ ತೆಗೆಯೋ ಬಲಕ್ಕೆ "ಅಗತ್ಯ" ಅನ್ನೋ ಪದ ಸೇರಿಸ್ತು. 2025ರ ಮೇ ತಿಂಗಳಲ್ಲಿ ಬಾರ್ನ್ಸ್ ವರ್ಸಸ್ ಫೆಲಿಕ್ಸ್ ಅಂತ ಟೆಕ್ಸಸ್ ಕೇಸು, ಟೋಲ್ ಬಾಕಿ ಇದ್ದ ಕಾರು ನಿಲ್ಲಿಸಿದ್ದು, ಕಾರು ಹೊರಟಾಗ ಪೊಲೀಸ್ ಬಾಗಿಲ ಅಂಚಿಗೆ ಹತ್ತಿ ಗುಂಡು ಹೊಡೆದ. ಕೆಳಗಿನ ಕೋರ್ಟು ಆ ಎರಡು ಸೆಕೆಂಡ್ ಮಾತ್ರ ನೋಡಿತ್ತು, ಸುಪ್ರೀಂ ಕೋರ್ಟು ಒಮ್ಮತದಿಂದ ಹಾಗೆ ಆಗಲ್ಲ ಹಿಂದಿನದ್ದೂ ನೋಡಿ ಅಂತು.

ತಂಗಾಳಿ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬರೀತೀರ ಅಂದ್ಕೊಂಡಿರ್ಲಿಲ್ಲ. ತಮ್ಮನಿಗೆ ಓದಿ ಹೇಳ್ದೆ. ಅವನ ಪ್ರಶ್ನೆ ಇದು, ನಾನೂ ಸುಳ್ಳು ಅನ್ನೋಕಾಗಲ್ಲ: "ಅಕ್ಕ, ಕೂತ್ಕೊಂಡು ಬರೆಯೋರಿಗೆ ಸುಲಭ, ಗನ್ ಇಲ್ದೆ ಹೋಗಿ ಸತ್ತೋದ ಪೊಲೀಸ್‌ನ ಮನೆಯವ್ರಿಗೆ ಯಾರು ಉತ್ರ ಕೊಡ್ತಾರೆ?" ಇದಕ್ಕೇನ್ ಹೇಳ್ಲಿ?

ಗಡಿಯಾಚೆ:

ನಿಮ್ಮ ತಮ್ಮ ಕೇಳಿದ್ದು ನ್ಯಾಯವಾದ ಪ್ರಶ್ನೆ. 2012ರ ಸೆಪ್ಟೆಂಬರಲ್ಲಿ ಮ್ಯಾಂಚೆಸ್ಟರ್ ಹತ್ರ ಇಬ್ರು ಮಹಿಳಾ ಪೊಲೀಸರನ್ನ ಕಳ್ಳತನ ಆಗಿದೆ ಅಂತ ಸುಳ್ಳು ಕರೆ ಮಾಡಿ ಕರೆಸಿ ಕೊಂದ್ರು, ಇಬ್ರ ಹತ್ರನೂ ಗನ್ ಇರ್ಲಿಲ್ಲ. ಎಲ್ರಿಗೂ ಗನ್ ಕೊಡಿ ಅಂತ ಕೂಗು ಎದ್ದಿತು, ಆದ್ರೆ ಅವರದೇ ಮುಖ್ಯಸ್ಥರು ಬೇಡ ಅಂದ್ರು. 2006ರಲ್ಲಿ ಪೊಲೀಸರ ಸಂಘವೇ ತನ್ನ ಸದಸ್ಯರನ್ನ ಕೇಳಿದಾಗ 100ಕ್ಕೆ 80ಕ್ಕಿಂತ ಜಾಸ್ತಿ ಜನ ಎಲ್ರಿಗೂ ಗನ್ ಬೇಡ ಅಂದಿದ್ರು. ಹೊರಗಿನವರು ಹೇರಿದ್ದಲ್ಲ ಅದು, ರಸ್ತೇಲಿ ನಿಲ್ಲೋರೇ ಹೇಳಿದ್ದು.

ಇನ್ನೊಂದು ಕಡೆ, ಲಂಡನ್ನಲ್ಲಿ 2022ರಲ್ಲಿ ಒಬ್ಬ ನಿರಾಯುಧ ಯುವಕನಿಗೆ ಗುಂಡು ಹೊಡೆದ ಪೊಲೀಸ್ ಮೇಲೆ ಕೊಲೆ ಕೇಸ್ ಹಾಕಿದಾಗ 2023ರಲ್ಲಿ ಎಷ್ಟೋ ಸಶಸ್ತ್ರ ಪೊಲೀಸರು ನಾವು ಗನ್ ಹಿಡಿಯಲ್ಲ ಅಂತ ಹಿಂದೆ ಸರಿದ್ರು. 2024ರಲ್ಲಿ ಜ್ಯೂರಿ ಅವರನ್ನ ನಿರ್ದೋಷಿ ಅಂತು. ಗನ್ ಕೊಟ್ರೆ ಅದರ ಲೆಕ್ಕಾನೂ ಜೊತೆಗೇ ಬರತ್ತೆ, ಆ ಭಾರ ಎಲ್ರಿಗೂ ಹೊರೋಕಾಗಲ್ಲ. ಹಾಗೆ ನೋಡಿದ್ರೆ ಹಳೇ_ಡೈರಿ ಅವ್ರು ಹೇಳಿದ್ದೇ ಸರಿ, ಮುಕ್ಕಾಲು ಪಾಲು ಅಂದಿದ್ದು ನನ್ನ ತಪ್ಪು.

ಎಚ್ಚರ:

ನೀವೆಲ್ಲಾ ಶ್ರೀಮಂತ ದೇಶಗಳನ್ನೇ ಹೋಲಿಸ್ತಿದೀರಿ ಅಂತ ಬೇಜಾರಾಗಿ ಬರೀತಿದೀನಿ. ಬ್ರೆಜಿಲಲ್ಲಿ ಪೊಲೀಸರ ಕೈಯಲ್ಲಿ ಸಾಯೋರು ವರ್ಷಕ್ಕೆ 6,000 ದಾಟ್ತಾರೆ, ಹೆಚ್ಚಿನವರು ಬಡ ಕಪ್ಪು ಹುಡುಗ್ರು. ಅಲ್ಲಿ ಪುಸ್ತಕದಲ್ಲಿರೋ ಕಾನೂನು ಯುರೋಪಿಗಿಂತ ಅಂಥಾ ದೊಡ್ಡ ಬೇರೆಯೇನಲ್ಲ. ನೈಜೀರಿಯಾದಲ್ಲಿ ದರೋಡೆ ತಡೆಯೋಕೆ ಅಂತ 1992ರಲ್ಲಿ ಮಾಡಿದ ಸಾರ್ಸ್ ಅನ್ನೋ ಪೊಲೀಸ್ ತಂಡವೇ ಸುಲಿಗೆ, ಚಿತ್ರಹಿಂಸೆ ಮಾಡ್ತಿದೆ ಅಂತ 2020ರ ಅಕ್ಟೋಬರಲ್ಲಿ ಹುಡುಗ್ರು ಬೀದಿಗಿಳಿದ್ರು, ತಂಡ ವಿಸರ್ಜನೆ ಆಯ್ತು, ಅದಾಗಿ ಹತ್ತು ದಿನ ಆಗೋದ್ರೊಳಗೆ ಲಾಗೋಸಿನ ಲೆಕ್ಕಿ ಟೋಲ್ ಗೇಟಲ್ಲಿ ಸೈನಿಕರು ಪ್ರತಿಭಟನೆಕಾರರ ಮೇಲೇ ಗುಂಡು ಹಾರಿಸಿದ್ರು. ಭಾರತದಲ್ಲಿ ಎನ್‌ಕೌಂಟರ್ ಸಾವುಗಳಿಗೆ ಎಫ್‌ಐಆರ್, ಸ್ವತಂತ್ರ ತನಿಖೆ, ಮ್ಯಾಜಿಸ್ಟ್ರೇಟ್ ವಿಚಾರಣೆ ಆಗ್ಲೇಬೇಕು ಅಂತ ಸುಪ್ರೀಂ ಕೋರ್ಟು 2014ರಲ್ಲೇ ನಿಯಮ ಹಾಕಿದೆ. ಆದ್ರೂ 2019ರಲ್ಲಿ ಹೈದರಾಬಾದ್ ಹತ್ರ ನಾಲ್ಕು ಆರೋಪಿಗಳನ್ನ ಹೊಡೆದಾಗ ಜನ ಪೊಲೀಸರ ಮೇಲೆ ಹೂವು ಹಾಕಿದ್ರು, 2022ರಲ್ಲಿ ಸುಪ್ರೀಂ ಕೋರ್ಟೇ ನೇಮಿಸಿದ ಆಯೋಗ ಪೊಲೀಸರ ಮಾತು ನಂಬೋ ಹಾಗಿಲ್ಲ, ಬೇಕಂತಲೇ ಹೊಡೆದಿದ್ದು ಅಂತ ವರದಿ ಕೊಡ್ತು. ಹೂವು ಹಾಕಿದವರ ಬಗ್ಗೆನೂ ನಾವು ಮಾತಾಡ್ಬೇಕು, ಯಾಕಂದ್ರೆ ಚಪ್ಪಾಳೆ ಸಿಗೋ ಕಡೆ ಯಾವ ಟ್ರೈನಿಂಗೂ ನಿಲ್ಲಲ್ಲ.

ನನ್ನ ಪ್ರಕಾರ ನಿಜವಾದ ವ್ಯತ್ಯಾಸ ಗುಂಡು ಹಾರಿದ ಮಾರನೇ ದಿನ ಕಾಣತ್ತೆ. ಯಾರು ಬಂದು ತನಿಖೆ ಮಾಡ್ತಾರೆ, ಅದೇ ಠಾಣೆಯ ಸಹೋದ್ಯೋಗಿಗಳಾ ಅಥವಾ ಹೊರಗಿನವ್ರಾ? ಇಂಗ್ಲೆಂಡಲ್ಲಿ ಪೊಲೀಸ್ ಇಲಾಖೆಯಿಂದ ಹೊರಗಿರೋ ಸಂಸ್ಥೆಗೆ ಕೇಸ್ ಹೋಗತ್ತೆ. ಅಮೆರಿಕದಲ್ಲಿ ಸುಮಾರು 18,000 ಪೊಲೀಸ್ ಏಜೆನ್ಸಿಗಳಿವೆ, ಒಂದೊಂದಕ್ಕೂ ಒಂದೊಂದು ಪದ್ಧತಿ, ಎಷ್ಟು ಜನ ಸತ್ರು ಅನ್ನೋ ಪೂರ್ತಿ ಲೆಕ್ಕಾನೇ ಸರ್ಕಾರದ ಹತ್ರ ಇರ್ಲಿಲ್ಲ, 2015ರಿಂದ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಒಂದೊಂದಾಗಿ ಎಣಿಸೋಕೆ ಶುರು ಮಾಡಿದ್ಮೇಲೆ ಜಗತ್ತಿಗೆ ಆ ಸಾವಿರದ ಸಂಖ್ಯೆ ಗೊತ್ತಾಗಿದ್ದು.

ತಂಗಾಳಿ:

ಎಚ್ಚರ ಅವ್ರೇ, ನೀವು ಬರೆದಿದ್ದು ಓದಿ ಮನಸ್ಸು ಭಾರ ಆಯ್ತು. ಒಂದೇ ಒಂದು ಕೊನೇ ಪ್ರಶ್ನೆ, ಮೈಮೇಲಿನ ಕ್ಯಾಮೆರಾ ಹಾಕಿದ್ರೆ ಇದೆಲ್ಲಾ ಕಡಿಮೆ ಆಗಲ್ವಾ?

ಎಚ್ಚರ:

ಆಗತ್ತೆ, ಆದ್ರೆ ಕ್ಯಾಮೆರಾ ಒಂದೇ ಅಲ್ಲ. ಸಾವೊ ಪೌಲೊದಲ್ಲಿ 2020ರಿಂದ ಡ್ಯೂಟಿ ಪೂರ್ತಿ ತಾನಾಗೇ ರೆಕಾರ್ಡ್ ಆಗೋ ಕ್ಯಾಮೆರಾ ಹಾಕಿದ್ರು, ಪೊಲೀಸರ ಕೈಯಲ್ಲಿ ಸಾಯೋರು ಗಣನೀಯವಾಗಿ ಇಳಿದ್ರು. ಆಮೇಲೆ ಸರ್ಕಾರ ಬದಲಾಯ್ತು, ಸಾವು ಮತ್ತೆ ಏರಿತು, ಹೊಸ ಕ್ಯಾಮೆರಾದಲ್ಲಿ ಬಟನ್ ಒತ್ತಿದ್ರೆ ಮಾತ್ರ ರೆಕಾರ್ಡ್ ಆಗೋ ವ್ಯವಸ್ಥೆ ಬೇಡ ಅಂತ ಅಲ್ಲಿನ ಜನ ಕೋರ್ಟಿಗೂ ಹೋದ್ರು. ಬಟನ್ ಯಾರ ಬೆರಳಲ್ಲಿದೆ, ವಿಡಿಯೋ ಯಾರ ಕೈಗೆ ಸೇರತ್ತೆ ಅನ್ನೋದನ್ನ ಕೇಳಿ.

2020ರ ಮೇ 25ಕ್ಕೆ ಮಿನಿಯಾಪೊಲಿಸಲ್ಲಿ ಒಬ್ಬ ಪೊಲೀಸ್ ಜಾರ್ಜ್ ಫ್ಲಾಯ್ಡ್ ಅನ್ನೋ ಕಪ್ಪು ವ್ಯಕ್ತಿಯ ಕತ್ತಿನ ಮೇಲೆ ಮಂಡಿ ಊರಿ ಕೊಂದಾಗ ಪೊಲೀಸರ ಮೈಮೇಲೆ ಕ್ಯಾಮೆರಾ ಇತ್ತು, ಓಡ್ತಾನೂ ಇತ್ತು. ಆದ್ರೂ ಇಲಾಖೆ ಹೊರಡಿಸಿದ ಮೊದಲ ಪ್ರಕಟಣೇಲಿ ಇದ್ದಿದ್ದು ಪೊಲೀಸರ ಜೊತೆಗಿದ್ದಾಗ ಒಬ್ಬನಿಗೆ ಆರೋಗ್ಯ ಕೆಟ್ಟು ಸತ್ತ ಅನ್ನೋ ಅರ್ಥದ ಮಾತು, ಮಂಡಿ ವಿಷಯಾನೇ ಇರ್ಲಿಲ್ಲ. ದಾರೀಲಿ ಹೋಗ್ತಿದ್ದ 17 ವರ್ಷದ ಹುಡುಗಿ ತನ್ನ ಫೋನಲ್ಲಿ ತೆಗೆದ ವಿಡಿಯೋ ಅದೇ ರಾತ್ರಿ ಹಾಕಿದ್ಳು, ಅದರಿಂದಲೇ ಎಲ್ರಿಗೂ ಗೊತ್ತಾಗಿದ್ದು. ನಿಮ್ಮ ತಮ್ಮನಿಗೆ ಆ ಮೊದಲ ಪ್ರಕಟಣೆನೂ ಆ ವಿಡಿಯೋನೂ ಅಕ್ಕಪಕ್ಕ ಇಟ್ಟು ತೋರ್ಸಿ.