ಅಪ್‌ಡೇಟ್: ನಾಲ್ಕನೇ ದಶಮಾಂಶ ಕೊನೆಗೂ ನಿಂತಿತು

ನಮ್ಮ ಕಾಲೇಜು ಲ್ಯಾಬಿನ, 0.1 ಮಿಲಿಗ್ರಾಂವರೆಗೆ (ಅಂದರೆ ಗ್ರಾಂನ ನಾಲ್ಕನೇ ದಶಮಾಂಶದವರೆಗೆ) ತೂಗುವ ಬ್ಯಾಲೆನ್ಸ್‌ನಲ್ಲಿ ಕೊನೆಯ ಎರಡು ಅಂಕಿ ನಿಲ್ಲುತ್ತಲೇ ಇಲ್ಲ, ಕೆಟ್ಟಿದೆಯಾ ಅಂತ ಹೋದ ವಾರ ಇಲ್ಲಿ ನಿಮ್ಮನ್ನು ಕೇಳಿದ್ದೆ. ಕೆಟ್ಟಿರಲಿಲ್ಲ. ತಪ್ಪೆಲ್ಲ ನಮ್ಮದೇ.

ನೀವು ಹೇಳಿದಂತೆ ಫ್ಯಾನ್ ಆಫ್ ಮಾಡಿ, ಬ್ಯಾಲೆನ್ಸನ್ನು ಕಿಟಕಿ ಪಕ್ಕದ ಮರದ ಮೇಜಿನಿಂದ ಗ್ರಾನೈಟ್ ಕಟ್ಟೆಗೆ ಸಾಗಿಸಿದೆ. ಕಾಲಿನ ತಿರುಪು ತಿರುಗಿಸಿ, ಮಟ್ಟ ತೋರಿಸುವ ಗುಳ್ಳೆಯನ್ನು ವೃತ್ತದ ನಡುವೆ ತಂದೆ. ರಾತ್ರಿಯಿಡೀ ಆನ್ ಇಟ್ಟು, ಬೆಳಿಗ್ಗೆ 100 ಗ್ರಾಂನ ತೂಕದ ಬಟ್ಟಿನಿಂದ ಕ್ಯಾಲಿಬ್ರೇಟ್ ಮಾಡಿದೆ (ಗೊತ್ತಿರುವ ತೂಕ ಇಟ್ಟು ಅಂಕಿ ಸರಿಹೊಂದಿಸಿದೆ). ಬಟ್ಟನ್ನು ಚಿಮಟದಲ್ಲೇ ಹಿಡಿದೆ. ಬೆರಳಿನ ಜಿಡ್ಡೂ ತೂಗುತ್ತದೆ, ಅಲ್ವಾ?

ಆದರೂ ಕ್ರೂಸಿಬಲ್ (ಕಾಯಿಸುವ ಪುಟ್ಟ ಪಾತ್ರೆ) ಇಟ್ಟರೆ ಅಂಕಿ ನಿಧಾನಕ್ಕೆ ಏರುತ್ತಿತ್ತು. ನಿಜವಾದ ಕಳ್ಳ ಇಲ್ಲಿದ್ದ. ಬಿಸಿ ಕ್ರೂಸಿಬಲನ್ನು ಡೆಸಿಕೇಟರ್‌ನಲ್ಲಿ (ತೇವ ತಾಗದಂತೆ ಇಡುವ ಮುಚ್ಚಿದ ಡಬ್ಬ) ನಾವು ಹತ್ತೇ ನಿಮಿಷ ತಣಿಯಲು ಬಿಡುತ್ತಿದ್ದೆವು. ಬಿಸಿ ಪಾತ್ರೆಯ ಸುತ್ತ ಗಾಳಿ ಮೇಲೇಳುತ್ತದೆ, ಹಾಗಾಗಿ ತೂಕ ಕಡಿಮೆ ತೋರಿಸುತ್ತದೆ. ಪಾತ್ರೆ ಆರಿದಂತೆ ಅಂಕಿ ಏರುತ್ತದೆ. ಈಗ 45 ನಿಮಿಷ ಕಾಯುತ್ತೇವೆ. ಹುಡುಗರಿಗೆ ಬೇಜಾರು, ಆದರೆ ಅಂಕಿ ನಿಂತಿದೆ.

ಮಹಡಿ ಬದಲಿಸಿದರೂ ಮತ್ತೆ ಕ್ಯಾಲಿಬ್ರೇಟ್ ಮಾಡಿ ಅಂದವರನ್ನು ನೋಡಿ ಸುಮ್ನೆ ನಕ್ಕಿದ್ದೆ. ಲೆಕ್ಕ ಹಾಕಿದೆ. 3 ಮೀಟರ್ ಮೇಲೆ ಹೋದರೆ ಗುರುತ್ವ ಸುಮಾರು ಹತ್ತು ಲಕ್ಷದಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. 100 ಗ್ರಾಂಗೆ 0.1 ಮಿಲಿಗ್ರಾಂ! ನಮ್ಮ ಕೊನೆಯ ಅಂಕಿ ಅಷ್ಟೇ. ಮುಂದಿನ ತಿಂಗಳು ಲ್ಯಾಬ್ ಎರಡನೇ ಮಹಡಿಗೆ ಹೋಗುತ್ತಿದೆ, ಬಟ್ಟಿನ ಪೆಟ್ಟಿಗೆ ಈಗಲೇ ತೆಗೆದಿಟ್ಟಿದ್ದೇನೆ.