ಅಗಲ ಟೈರಿನ ಪಂಚಾಯಿತಿ

ಸಿಯಾಟಲ್ ಸುತ್ತಮುತ್ತಲಿನ ಕನ್ನಡಿಗರು ಮಳೆ ಮಳೆ ಎಂದು ಗೋಳಾಡುವುದನ್ನು ಆಗುಂಬೆಯವರು ಕೇಳಿದರೆ ಮುಸಿಮುಸಿ ನಕ್ಕಾರು. ಇಲ್ಲಿ ವರ್ಷಕ್ಕೆ ಬೀಳುವುದು ಹೆಚ್ಚುಕಡಿಮೆ 1000 ಮಿಲಿಮೀಟರ್, ಅಂದರೆ ಬೆಂಗಳೂರಿನ ಲೆಕ್ಕವೇ. ಬೆಂಗಳೂರಿನ ಮಳೆಗೆ ಕೆಲಸ ಮುಗಿಸುವ ಆತುರವಾದರೂ ಇದೆ. ಸಂಜೆ ನಾಲ್ಕಕ್ಕೆ ಬಂದು, ಅಂಡರ್‌ಪಾಸ್ ತುಂಬಿಸಿ, ಆರಕ್ಕೆ ಹೊರಟುಬಿಡುತ್ತದೆ. ಇಲ್ಲಿ ಅಕ್ಟೋಬರಿನಲ್ಲಿ ಜಿನುಗತೊಡಗಿದ್ದು ಏಪ್ರಿಲ್ ಬಂದರೂ ನಿಲ್ಲುವುದಿಲ್ಲ. ಜನವರಿಯ ಸರಾಸರಿ ಉಷ್ಣಾಂಶ 6 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಹಿಮ ಕೂರುವಷ್ಟು ಚಳಿಯೂ ಅಲ್ಲ, ರಸ್ತೆ ಒಣಗುವಷ್ಟು ಬಿಸಿಲೂ ಇಲ್ಲ. ಟೈರಿಗೆ ಇದಕ್ಕಿಂತ ಗೊಂದಲದ ಹವೆ ಬೇಕಿಲ್ಲ. ಟೈರು ಕೊಳ್ಳುವವರ ಗೊಂದಲದ ಮುಂದೆ ಟೈರಿನದು ಏನೂ ಅಲ್ಲ ಎಂಬುದು ನಮ್ಮ ಭಟ್ಟನಿಂದ ತಿಳಿಯಿತು.

ಭಟ್ಟ ಈ ಬೇಸಿಗೆಯಲ್ಲಿ ಲಾಸ್ ಏಂಜಲೀಸ್‌ನಿಂದ 2017ರ ಬಿಎಂಡಬ್ಲ್ಯು 340ಐ ಒಂದನ್ನು ಸೆಕೆಂಡ್ ಹ್ಯಾಂಡ್ ಕೊಂಡು ತಂದಿದ್ದ. ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ ಕಾರು. ಮುಂದೆ 225, ಹಿಂದೆ 255 ಮಿಲಿಮೀಟರ್ ಅಗಲದ ಟೈರು, 19 ಇಂಚಿನ ಚಕ್ರ. ಆಗಸ್ಟಿನಲ್ಲಿ ಅದನ್ನು ತೊಳೆದು ಒರೆಸಿ ನಮಗೆಲ್ಲ ತೋರಿಸುವಾಗ ಅವನ ಮುಖದಲ್ಲಿ ಹೊಸ ಅಳಿಯನ ಕಳೆಯಿತ್ತು. ನವೆಂಬರ್ ಬಂದದ್ದೇ ತಡ, ಕಳೆ ಇಳಿಯಿತು. ಸಿಗ್ನಲ್ ಹಸಿರಾಗಿ ಆಕ್ಸಿಲರೇಟರ್ ಒತ್ತಿದರೆ ಹಿಂದಿನ ಚಕ್ರಗಳು ನಿಂತಲ್ಲೇ ಗರಗರ ತಿರುಗುತ್ತಿದ್ದವು, ಕಾರು ಸೊಂಟ ಕುಣಿಸುತ್ತಿತ್ತು. ಆದ್ದರಿಂದ ಶನಿವಾರ ಬೆಳಿಗ್ಗೆ ರೆಡ್‌ಮಂಡ್‌ನ ಅವನ ಗ್ಯಾರೇಜಿನಲ್ಲಿ ಸಭೆ ಸೇರಿತು. ಗೌಡ, ರಾಯರು, ನಾನು. ಜೊತೆಗೆ ಶಿರಸಿಯಿಂದ ಬಂದು ಚಳಿಗೆ ಎರಡು ಸ್ವೆಟರ್ ಹೊದ್ದಿದ್ದ ಭಟ್ಟನ ಅತ್ತೆ.

"ಭಟ್ಟಾ, ಕಾರಣ ಸ್ಪಷ್ಟವಾಗಿದೆ. ಟೈರು ಸಾಲದು," ಎಂದು ಗೌಡ ತೀರ್ಪು ಕೊಟ್ಟ. "ಹಿಂದೆ 275 ಹಾಕು, ಮುಂದೆ 255. ಅಗಲವಾದಷ್ಟೂ ಹಿಡಿತ ಜಾಸ್ತಿ. ಇದಕ್ಕೆ ವಿಜ್ಞಾನ ಬೇಕೇನಯ್ಯಾ?"

ಗೌಡ ಓಡಿಸುವುದು ಟೊಯೋಟಾ ಕ್ಯಾಮ್ರಿ. ಆದರೆ ಅವನ ಮನಸ್ಸು ಯಾವಾಗಲೂ ರೇಸ್ ಟ್ರ್ಯಾಕಿನಲ್ಲಿರುತ್ತದೆ.

ರಾಯರು ಮಾತನಾಡಲಿಲ್ಲ. ಮಂಡಿಯೂರಿ, ಮೊಬೈಲ್ ಬೆಳಕು ಬಿಟ್ಟು, ಟೈರಿನ ಪಕ್ಕೆ ಓದತೊಡಗಿದರು. ಶಾಸನ ಓದುವವರೂ ಅಷ್ಟು ತನ್ಮಯರಾಗಲಾರರು. "ಡಾಟ್ ಎಂಬ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ 3119. ಅಂದರೆ 2019ರ 31ನೆಯ ವಾರದಲ್ಲಿ ಹುಟ್ಟಿದ ಟೈರು. ಕೆಸರಿಗೂ ಹಿಮಕ್ಕೂ ಆದೀತು ಎನ್ನುವ ಎಂ ಪ್ಲಸ್ ಎಸ್ ಗುರುತೂ ಇಲ್ಲ. ಭಟ್ಟರೇ, ಇದು ಅಪ್ಪಟ ಬೇಸಿಗೆ ಟೈರು. 7 ಡಿಗ್ರಿಗಿಂತ ಕೆಳಗೆ ಇದರ ರಬ್ಬರ್ ಗಟ್ಟಿಯಾಗುತ್ತ ಹೋಗುತ್ತದೆ. ಡಾಂಬರಿನ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು ಹಿಡಿಯಬೇಕಾದದ್ದು ಮೇಲೆ ಮೇಲೆಯೇ ಜಾರುತ್ತದೆ. ಕ್ಯಾಲಿಫೋರ್ನಿಯಾದವನು ಅಲ್ಲಿಯ ಬಿಸಿಲಿಗೆ ಹಾಕಿಸಿದ್ದನ್ನು ನೀವು ಇಲ್ಲಿಯ ಚಳಿಗೆ ತಂದಿದ್ದೀರಿ."

"ಅಂದರೆ 275 ಅಗಲದ ಆಲ್ ಸೀಸನ್ ಹಾಕಿದರಾಯಿತು," ಎಂದ ಗೌಡ, ಸೋಲೊಪ್ಪದೆ.

ಇಲ್ಲಿಂದ ರಾಯರ ಪಾಠ ಶುರುವಾಯಿತು. ಗ್ಯಾರೇಜಿನ ಗೋಡೆಯಲ್ಲಿ ಮಗಳು ಚಿತ್ರ ಬರೆಯುವ ಬಿಳಿ ಹಲಗೆಯಿತ್ತು. ರಾಯರು ಅದರ ಮೇಲಿದ್ದ ನವಿಲನ್ನು ನಿರ್ದಯೆಯಿಂದ ಒರೆಸಿ ಎರಡು ಆಯತ ಬರೆದರು. ಕಾರಿನ ಭಾರವೂ ಗಾಳಿಯ ಒತ್ತಡವೂ ಅಷ್ಟೇ ಇದ್ದರೆ, ಟೈರು ಅಗಲವಾದ ಮಾತ್ರಕ್ಕೆ ನೆಲಕ್ಕೆ ತಾಗುವ ಜಾಗ ಅಷ್ಟೇನೂ ಹೆಚ್ಚುವುದಿಲ್ಲವಂತೆ, ಆಕಾರ ಬದಲಾಗುತ್ತದೆ. ಕಿರಿದಾದ ಟೈರಿನದು ಉದ್ದುದ್ದ, ಅಗಲ ಟೈರಿನದು ಅಡ್ಡಡ್ಡ. ಒಣ ರಸ್ತೆಯ ತಿರುವಿನಲ್ಲಿ ಅಡ್ಡದ್ದು ಒಳ್ಳೆಯದು. ನೀರು ನಿಂತ ರಸ್ತೆಯಲ್ಲಿ ಮುಂದಿನ ಅಂಚು ಅಗಲವಾದಷ್ಟೂ ತಳ್ಳಬೇಕಾದ ನೀರು ಹೆಚ್ಚು.

"ಲೆಕ್ಕ ಹಾಕಿ," ಎಂದರು. "ಗಂಟೆಗೆ 60 ಮೈಲಿ, 3 ಮಿಲಿಮೀಟರ್ ನೀರು. 225 ಅಗಲದ ಟೈರು ಸೆಕೆಂಡಿಗೆ 18 ಲೀಟರ್ ನೀರನ್ನು ದಾರಿಯಿಂದ ಸರಿಸಬೇಕು. 255 ಆದರೆ 20 ಲೀಟರಿಗೂ ಮೇಲೆ. ಗೌಡರ 275 ಆದರೆ 22."

"ಸೆಕೆಂಡಿಗೆ ಒಂದು ಕೊಡ!" ಎಂದರು ಅತ್ತೆ. ಬಾವಿಯಿಂದ ನೀರು ಸೇದಿದವರಿಗೆ ಮಾತ್ರ ಬರುವ ಮರುಕ ಆ ದನಿಯಲ್ಲಿತ್ತು.

"ಸರಿಸಲಾಗದಿದ್ದರೆ ಟೈರು ನೀರಿನ ಮೇಲೆ ತೇಲುತ್ತದೆ. ಆಗ ಸ್ಟೀರಿಂಗ್ ಹಿಡಿದವನಿಗೆ ಇಷ್ಟದೈವವೇ ಗತಿ. ನಾಸಾದ ಹಾರ್ನ್ ಮತ್ತು ಡ್ರೆಹರ್ 1963ರಲ್ಲೇ ವಿಮಾನದ ಟೈರುಗಳಿಗಾಗಿ ಇದಕ್ಕೆ ಸೂತ್ರ ಕೊಟ್ಟರು. ಚದರ ಇಂಚಿಗೆ ಇಷ್ಟು ಪೌಂಡ್ ಎಂದು ಅಳೆದ ಗಾಳಿಯ ಒತ್ತಡದ ವರ್ಗಮೂಲವನ್ನು 10.35ರಿಂದ ಗುಣಿಸಿದರೆ ತೇಲುವ ವೇಗ ಗಂಟೆಗೆ ಇಷ್ಟು ಮೈಲಿ ಎಂದು ಸಿಗುತ್ತದೆ. ಸವೆದ ಟೈರು, ಗಾಡಿ ಮುಳುಗಿಸುವಷ್ಟಲ್ಲದಿದ್ದರೂ ತಕ್ಕಮಟ್ಟಿಗೆ ನಿಂತ ನೀರು ಇದ್ದಾಗಿನ ಮಾತು. 36 ಪೌಂಡ್ ಗಾಳಿಗೆ 62 ಮೈಲಿ."

"ಸದ್ಯ, ನಾನು 60ರ ಮೇಲೆ ಹೋಗುವುದೇ ಇಲ್ಲ," ಎಂದು ಭಟ್ಟ ಎದೆಯ ಮೇಲೆ ಕೈಯಿಟ್ಟುಕೊಂಡ.

"ಗಾಳಿ ಯಾವಾಗ ನೋಡಿಸಿದ್ದೀರಿ?"

"ಆಗಸ್ಟಿನಲ್ಲಿ. 36 ಇತ್ತು. ಕಡಿಮೆಯಾದರೆ ಎಚ್ಚರಿಕೆಯ ದೀಪ ಹತ್ತುತ್ತದಲ್ಲ?"

ರಾಯರು ಜೇಬಿನಿಂದ ಒತ್ತಡಮಾಪಕ ತೆಗೆದರು. ಶನಿವಾರ ಬೆಳಿಗ್ಗೆ ಪ್ಯಾಂಟಿನ ಜೇಬಿನಲ್ಲಿ ಒತ್ತಡಮಾಪಕ ಇಟ್ಟುಕೊಂಡು ತಿರುಗುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಮುಳ್ಳು 32ಕ್ಕೆ ನಿಂತಿತು. ಉಷ್ಣಾಂಶ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಗಾಳಿ ಸುಮಾರು ಒಂದು ಪೌಂಡ್ ಇಳಿಯುತ್ತದೆ. ಯಾರೂ ಕದ್ದಿರಲಿಲ್ಲ, ಚಳಿಯೇ ನುಂಗಿತ್ತು. ಅಮೆರಿಕದ ಕಾನೂನಿನಂತೆ ಆ ದೀಪ ಹತ್ತಲೇಬೇಕಾದದ್ದು ಒತ್ತಡ ಶೇಕಡ 25ರಷ್ಟು ಕುಸಿದ ಮೇಲೆ, ಅಂದರೆ ಇಲ್ಲಿ 27ಕ್ಕೆ. 32ಕ್ಕೆ ಸೂತ್ರದ ಉತ್ತರ 58 ಮೈಲಿ ಚಿಲ್ಲರೆ. ಭಟ್ಟನ ಕೈ ಎದೆಯಿಂದ ತಲೆಗೆ ಹೋಯಿತು.

ನಮ್ಮ ಹೆದ್ದಾರಿಗಳ ಮಹಿಮೆಯನ್ನೂ ಹೇಳಬೇಕು. ವಾಷಿಂಗ್ಟನ್ ರಾಜ್ಯದಲ್ಲಿ ನವೆಂಬರ್ 1ರಿಂದ ಮಾರ್ಚ್ 31ರ ತನಕ ಮೊಳೆ ಬಡಿದ ಟೈರು ಹಾಕಬಹುದು. ಹಿಮವೇ ಇಲ್ಲದ ದಿನಗಳಲ್ಲೂ ಅವು ಕಾಂಕ್ರೀಟನ್ನು ಕೆರೆಯುತ್ತ ಓಡಾಡಿ, ಚಕ್ರ ಹಾಯುವ ಕಡೆ ಜಾಡು ಬಿದ್ದಿದೆ. ಮಳೆ ಬಂದರೆ ಆ ಜಾಡೇ ಕಾಲುವೆ. ಅಗಲ ಟೈರಿನ ಕಾರು ಅದರೊಳಗೆ ಇಳಿದರೆ ಸ್ಟೀರಿಂಗ್ ತಾನೇ ಅತ್ತಿತ್ತ ಎಳೆಯುತ್ತದೆ. ಕೆಲವರ ಅನುಕೂಲಕ್ಕೆ ಎಲ್ಲರ ರಸ್ತೆ ಸವೆಸುವ ಈ ಪದ್ಧತಿ ನನಗಂತೂ ಹಿಡಿಸುವುದಿಲ್ಲ.

"ಮಳೆಗಾಲದಲ್ಲಿ ಅಗಲ ಚಪ್ಪಲಿ ಹಾಕಿದರೆ ಬೆನ್ನಿಗೆಲ್ಲ ಕೆಸರು," ಎಂದು ಅತ್ತೆ ಪಾಠದ ಸಾರವನ್ನು ಶಿರಸಿಗೆ ತಂದು ನಿಲ್ಲಿಸಿದರು. ಗೌಡ ಮೂಗು ಮುರಿದ. "ಹಾಗಾದರೆ ಸೈಕಲ್ ಟೈರು ಹಾಕಿಸಿಬಿಡಿ."

"ಅಷ್ಟು ದೂರ ಯಾಕೆ? ಬಾಗಿಲಿನ ಕಂಬ ನೋಡಿ," ಎಂದು ರಾಯರು ಚಾಲಕನ ಬಾಗಿಲು ತೆರೆದರು. ಗಾಳಿ, ಅಳತೆ ಎಲ್ಲ ಅಚ್ಚಾದ ಚೀಟಿ ಅಲ್ಲಿರುತ್ತದೆ. ಕಾರಿಟ್ಟವರಲ್ಲಿ ಅದನ್ನು ಓದಿದವರು ಕಡಿಮೆ. ಇದೇ ಕಾರಿಗೆ ಕಂಪನಿಯೇ ಒಪ್ಪಿದ ಇನ್ನೊಂದು ಅಳತೆಯಿದೆ: ನಾಲ್ಕಕ್ಕೂ 225/45, 18 ಇಂಚಿನ ಚಕ್ರ. 225 ಎಂದರೆ ಅಗಲ, ಮಿಲಿಮೀಟರಿನಲ್ಲಿ. 45 ಎಂದರೆ ಪಕ್ಕೆಯ ಎತ್ತರ ಅಗಲದ ಶೇಕಡ 45. ಪಕ್ಕೆ ಎತ್ತರವಿದ್ದರೆ ಗುಂಡಿಗೆ ಬಿದ್ದಾಗ ರಿಮ್ಮು ಉಳಿಯುತ್ತದೆ. ನಾಲ್ಕೂ ಒಂದೇ ಅಳತೆಯಾದ್ದರಿಂದ ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಬದಲಿಸಿ ಸಮನಾಗಿ ಸವೆಸಬಹುದು. ಈಗಿನ ಜೋಡಿಯಲ್ಲಿ ಅದು ಆಗದು; ಹಿಂದಿನವು ಬೇಗ ಮುಗಿಯುತ್ತವೆ, ಕೆಲವು ತಯಾರಕರು ಅವುಗಳ ಮೈಲಿ ವಾರಂಟಿಯನ್ನೇ ಅರ್ಧಕ್ಕೆ ಇಳಿಸುತ್ತಾರೆ.

"ರಿಮ್ಮು ಇದ್ದಷ್ಟು ಕಾಲು ಚಾಚು," ಎಂದು ಭಟ್ಟ ಗೊಣಗಿದ. ಮನಸ್ಸು ಒಪ್ಪುತ್ತಿತ್ತು, ಕಣ್ಣು ಮಾತ್ರ 255ರ ಮೇಲೆಯೇ ಇತ್ತು.

ಅಳತೆ ಬಗೆಹರಿಯಿತು, ಯಾವ ಟೈರು ಎಂಬ ಜಗಳ ಬಾಕಿಯಿತ್ತು. ರಾಯರ ಪಟ್ಟಿಯಲ್ಲಿ ಮೂರು ಉಳಿದಿದ್ದವು: ಮಿಷೆಲಿನ್ ಪೈಲಟ್ ಸ್ಪೋರ್ಟ್ ಆಲ್ ಸೀಸನ್ 4, ಕಾಂಟಿನೆಂಟಲ್‌ನ ಡಿಡಬ್ಲ್ಯುಎಸ್ 06 ಪ್ಲಸ್, ಮಿಷೆಲಿನ್‌ನದೇ ಕ್ರಾಸ್‌ಕ್ಲೈಮೇಟ್ 2. ಮೊದಲೆರಡು ಚುರುಕು ಕಾರಿಗೆಂದೇ ಮಾಡಿದವು. ಒದ್ದೆಯಲ್ಲಿ ನಿಲ್ಲಿಸುವ ಗುಣಕ್ಕೆ ಎರಡಕ್ಕೂ ಎಎ, ಅಂದರೆ ಎಲ್ಲಕ್ಕಿಂತ ಮೇಲಿನ ದರ್ಜೆ. ಆದರೆ ಆ ದರ್ಜೆ ಅಳೆಯುವುದು ಒದ್ದೆ ನೆಲದಲ್ಲಿ ನೇರವಾಗಿ ಬ್ರೇಕು ಹಾಕಿದಾಗಿನ ಹಿಡಿತವನ್ನು ಮಾತ್ರ. ತಿರುವಿನ ಹಿಡಿತ, ತೇಲುವ ಅಪಾಯ ಅದರಲ್ಲಿಲ್ಲ. ಅಂಕ ನೋಡಿ ಅಳಿಯನನ್ನು ಆರಿಸಿದಂತಾಗಬಾರದು ಎಂದು ಅತ್ತೆ ಹೇಳಿದಾಗ ಭಟ್ಟ ಕಾಫಿ ಲೋಟದೊಳಗೆ ದೃಷ್ಟಿ ಇಳಿಸಿದ.

ಮೂರನೆಯದಕ್ಕೆ ಮೂರು ಶಿಖರದ ನಡುವೆ ಹಿಮದ ಹರಳಿನ ಮುದ್ರೆಯುಂಟು. ಎಂ ಪ್ಲಸ್ ಎಸ್ ಗುರುತು ಸಿಗುವುದು ಟೈರಿನ ಮೈಯ ವಿನ್ಯಾಸ ನೋಡಿ. ಈ ಮುದ್ರೆಗೆ ಹಿಮದ ಮೇಲೆ ಓಡಿಸಿ ಪರೀಕ್ಷೆ ಪಾಸಾಗಬೇಕು. "ಸ್ನೋಕ್ವಾಲ್ಮಿ ಘಾಟಿಗೆ ಸ್ಕೀಯಿಂಗ್‌ಗೆ ಹೋಗುವವರಾದರೆ ಇದೇ ಸರಿ," ಎಂದರು ರಾಯರು.

"ಅದರ ಮೈ ನೋಡಿದ್ದೀರಾ? ಟ್ರ್ಯಾಕ್ಟರ್ ಟೈರಿನ ತಮ್ಮ," ಎಂದ ಗೌಡ.

"ಘಾಟಿಗೆ ಹೋಗುವುದು ನನ್ನ ಸುಬಾರುವಿನಲ್ಲಿ," ಎಂದು ಭಟ್ಟನ ಮಡದಿ ಅಡುಗೆಮನೆಯಿಂದಲೇ ಕೂಗಿ ಆ ವಾದವನ್ನು ಮುಗಿಸಿದಳು.

ಕಾಂಟಿನೆಂಟಲ್ ಗೆದ್ದದ್ದು ಅಕ್ಷರಗಳ ಬಲದಿಂದ. ಅದರ ಮೈಮೇಲೆಯೇ ಡಿ, ಡಬ್ಲ್ಯು, ಎಸ್ ಎಂದು ಕೊರೆದಿರುತ್ತಾರೆ. ಸವೆಯುತ್ತ ಮೊದಲು ಎಸ್ ಅಳಿಯುತ್ತದೆ: ಹಿಮಕ್ಕೆ ಸಾಲದು. ಆಮೇಲೆ ಡಬ್ಲ್ಯು: ಮಳೆಗೂ ಸಾಲದು. ಕೊನೆಗೆ ಡಿ ಮಾತ್ರ ಉಳಿಯುತ್ತದೆ, ಒಣ ರಸ್ತೆಗೆ. "ಇದು ನನಗೂ ತಿಳಿಯುತ್ತದೆ. ದಿನಾ ರಂಗೋಲಿ ಹಾಕಲು ಬಂದಾಗ ನೋಡಿ ಹೇಳುತ್ತೇನೆ," ಎಂದು ಅತ್ತೆ ಹೊಣೆ ಹೊತ್ತರು. ಆ ಒಂದು ಮಾತಿಗೆ ಮಿಷೆಲಿನ್ ಸೋತಿತು.

ಉಳಿದವರ ಕಾರಿಗೆ ಏನು ಗತಿ ಎಂದು ನಾನು ಕೇಳಿದ್ದೇ ತಪ್ಪಾಯಿತೋ ಏನೋ, ರಾಯರು ಕಾಲು ಡಾಲರಿನ ನಾಣ್ಯ ಹಿಡಿದು ಹೊರಗೆ ನಡೆದರು. ಅದನ್ನು ತಲೆಕೆಳಗಾಗಿ ಟೈರಿನ ಮೈಮೇಲಿನ ತೋಡಿನೊಳಗೆ ತೂರಿಸಬೇಕು. ತಲೆ ಮುಚ್ಚಿದರೆ ಇಂಚಿನ ಮೂವತ್ತೆರಡನೆಯ ನಾಲ್ಕು ಭಾಗದಷ್ಟಾದರೂ ಆಳ ಉಳಿದಿದೆ, ಮಳೆಗೆ ಸಾಕು. ಕಾನೂನು ಅದರ ಅರ್ಧಕ್ಕೂ ಸುಮ್ಮನಿರುತ್ತದೆ, ನೀರು ಸುಮ್ಮನಿರುವುದಿಲ್ಲ. ಗೌಡನ ಕ್ಯಾಮ್ರಿಯಲ್ಲಿ ನಾಣ್ಯದವನ ತಲೆಗೂದಲು ಪೂರ್ತಿ ಕಾಣಿಸಿತು.

"ಯಾರು ಈ ಮಹಾಶಯ?" ಎಂದರು ಅತ್ತೆ.

"ಜಾರ್ಜ್ ವಾಷಿಂಗ್ಟನ್. ಈ ರಾಜ್ಯಕ್ಕೆ ಇವರದೇ ಹೆಸರು."

"ಹಾಗಾದರೆ ಇವರ ತಲೆ ನೆನೆಯಲು ಬಿಡಬಾರದು."

ಭಟ್ಟ 18 ಇಂಚಿನ ಚಕ್ರಗಳನ್ನೂ ನಾಲ್ಕು ಟೈರುಗಳನ್ನೂ ತರಿಸಿ ಹಾಕಿಸಿಕೊಂಡ. ಈಗ ಹಸಿರು ದೀಪಕ್ಕೆ ಕಾರು ನೇರವಾಗಿ ಹೊರಡುತ್ತದೆ. ಗಾಳಿಯನ್ನು ತಿಂಗಳಿಗೊಮ್ಮೆ ರಾಯರೇ ಬಂದು ನೋಡಿ ಹೋಗುತ್ತಾರೆ, ಬೇಡವೆಂದರೂ ಕೇಳುವುದಿಲ್ಲ. 19 ಇಂಚಿನ ಹಳೆಯ ಚಕ್ರಗಳನ್ನು ಮಾರಾಟಕ್ಕಿಟ್ಟ ದಿನವೇ ಗಿರಾಕಿ ಸಿಕ್ಕಿದ. ಗೌಡ. ಆ ಚಕ್ರದ ಐದು ಬೋಲ್ಟುಗಳ ವೃತ್ತ 120 ಮಿಲಿಮೀಟರ್, ಕ್ಯಾಮ್ರಿಯದು 114.3, ಜನ್ಮದಲ್ಲಿ ಹೊಂದುವುದಿಲ್ಲ ಎಂದು ರಾಯರು ಅಳತೆಪಟ್ಟಿ ಹಿಡಿದು ತೋರಿಸಿದರು.

"ಅದಕ್ಕೇನು ರಾಯರೇ," ಎಂದ ಗೌಡ, ಎರಡೆರಡಾಗಿ ಚಕ್ರಗಳನ್ನು ಡಿಕ್ಕಿಗೆ ತುಂಬುತ್ತ. "ಚಕ್ರ ಸಿಕ್ಕಿತಲ್ಲ, ಹೊಂದುವ ಕಾರು ನೋಡಿದರಾಯಿತು."