ಅಪ್‌ಡೇಟ್: ಅಪ್ಪ ಅಮ್ಮನ ಜೊತೆ ಕ್ರೂಗರ್ ಸಫಾರಿ ಮುಗಿಸಿ ಬಂದೆವು

ಎಂಟು ದಿನ ಇದೆ, ಅಪ್ಪ ಅಮ್ಮನಿಗೆ ಅರವತ್ತು ದಾಟಿದೆ, ಸಫಾರಿಗೆ ಬೋಟ್ಸ್ವಾನಾದ ಒಕವಾಂಗೊ ಡೆಲ್ಟಾ ಒಳ್ಳೆಯದಾ, ದಕ್ಷಿಣ ಆಫ್ರಿಕಾದ ಕ್ರೂಗರ್ ನ್ಯಾಷನಲ್ ಪಾರ್ಕ್ ಒಳ್ಳೆಯದಾ ಎಂದು ಇಲ್ಲಿ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಒಕವಾಂಗೊಗೆ ಸಣ್ಣ ವಿಮಾನ, ಮೆತ್ತನೆ ಬ್ಯಾಗೇ ಆಗಬೇಕು, ಖರ್ಚೂ ಜಾಸ್ತಿ. ಅದಕ್ಕೇ ಜೂನ್‌ನಲ್ಲಿ ಕ್ರೂಗರ್‌ಗೆ ಹೋದೆವು.

ನಾಲ್ಕು ರಾತ್ರಿ ಪಾರ್ಕಿನ ಕ್ಯಾಂಪುಗಳಲ್ಲಿ, ಎರಡು ರಾತ್ರಿ ಪಕ್ಕದ ಖಾಸಗಿ ಕಾಡು ಸಾಬಿ ಸ್ಯಾಂಡ್‌ನ ಲಾಡ್ಜ್‌ನಲ್ಲಿ. ನಮ್ಮ ಏಜೆಂಟ್ ಪಾರ್ಕಿನ ಸ್ಕುಕುಜಾ ಕ್ಯಾಂಪಿನಿಂದ ಸತಾರಾ ಕ್ಯಾಂಪಿಗೆ ‘ಒಂದು ಗಂಟೆ ಸಾಕು’ ಎಂದಿದ್ದರು. 90 ಕಿ.ಮೀ. ಚಿಲ್ಲರೆ ದಾರಿ, ವೇಗದ ಮಿತಿ 50, ಮೇಲೆ ರಸ್ತೆ ಬಿಡದ ಆನೆ ಹಿಂಡು! ಜೂನ್‌ನಲ್ಲಿ ಕ್ಯಾಂಪ್ ಗೇಟ್ ಸಂಜೆ 5:30ಕ್ಕೆ ಮುಚ್ಚುತ್ತದೆ. ಹತ್ತು ನಿಮಿಷ ಇರುವಾಗ ಒಳಗೆ ಸೇರಿದೆವು. ಅಪ್ಪ ದಾರಿಯುದ್ದಕ್ಕೂ ಗಡಿಯಾರವನ್ನೇ ನೋಡುತ್ತಿದ್ದರು.

ಪಾರ್ಕಿನಲ್ಲಿ ನಮ್ಮ ಕಾರು ರಸ್ತೆ ಬಿಟ್ಟು ಇಳಿಯುವಂತಿಲ್ಲ. ಸಾಬಿ ಸ್ಯಾಂಡ್‌ನಲ್ಲಿ ಗೈಡ್ ಜೀಪನ್ನು ಪೊದೆಯೊಳಗೇ ನುಗ್ಗಿಸಿದರು. ಚಿರತೆ ಇಂಪಾಲಾ ಜಿಂಕೆಯನ್ನು ಮರದ ಕೊಂಬೆಗೆ ಏರಿಸಿಟ್ಟು, ಕೆಳಗೆ ಕಾಲು ಚಾಚಿ ಮಲಗಿತ್ತು. ಹೊಟ್ಟೆ ಏರಿಳಿಯುವುದೂ ಕಾಣುತ್ತಿತ್ತು. ಎರಡೂ ಕಡೆ ಮಧ್ಯೆ ಬೇಲಿ ಇಲ್ಲ, ಪ್ರಾಣಿಗಳು ಅವೇ. ಆದರೂ ಲಾಡ್ಜ್‌ಗೆ ದುಡ್ಡು ಕೊಟ್ಟದ್ದಕ್ಕೆ ಮೋಸವಿಲ್ಲ ಅನಿಸಿತು.

ಜೂನ್ ಅಲ್ಲಿ ಚಳಿಗಾಲ, ಆದರೂ ಇಷ್ಟು ಚಳಿ ಇರುತ್ತದೆ ಎಂದು ನಾನು ಅಂದುಕೊಂಡಿರಲೇ ಇಲ್ಲ. ಬೆಳಗಿನ ಜೀಪಿನಲ್ಲಿ ಕಂಬಳಿ ಜೊತೆ ಬಿಸಿನೀರಿನ ಚೀಲ ಕೊಟ್ಟರು. ಅಮ್ಮ ಅದನ್ನು ತಿಂಡಿ ಹೊತ್ತಿಗೂ ಬಿಡಲಿಲ್ಲ. ಸಸ್ಯಾಹಾರ ಮೊದಲೇ ಹೇಳಿಡಿ. ಮಲೇರಿಯಾ ಮಾತ್ರೆಗೆ ಡಾಕ್ಟರನ್ನು ಕೇಳಿ. ಉಪ್ಪಿನಕಾಯಿ ನಾವೇ ಒಯ್ದಿದ್ದೆವು, ಮೂರನೇ ದಿನಕ್ಕೇ ಖಾಲಿ.